ಮದುವೆಯಾದ ಹೊಸದರಲ್ಲಿ ಇಬ್ಬರೇ ಹೊರದೇಶದಲ್ಲಿ ಸಂಸಾರ ಹೂಡಿದ ನೆನಪು: ಮೈಸೂರು, ಮಂಡ್ಯ ಕಡೆಯವರು ಬರೀರಿ

ಸರಸ್ವತಿಪುರಂ ಅಕ್ಕ

ವೀಸಾ, ಸಂಬಳ, ತೆರಿಗೆ ಬಗ್ಗೆ ಎಲ್ಲಿ ಕೇಳಿದರೂ ಉತ್ತರ ಸಿಗುತ್ತೆ. ಗಂಡ ಹೆಂಡತಿ ಇಬ್ಬರೇ ಗುರುತು ಪರಿಚಯ ಇಲ್ಲದ ಊರಿನಲ್ಲಿ ಸಂಸಾರ ಶುರು ಮಾಡಿದ ದಿನಗಳ ಬಗ್ಗೆ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನನ್ನ ಪಾಲಿಗೆ ಅದು ಬಲು ಒಳ್ಳೆಯ ಕಾಲ. ಈಗ ಮೈಸೂರಿಗೆ ವಾಪಸ್ ಬಂದು, ಅತ್ತೆ ಮಾವ, ಮಕ್ಕಳು, ಬಂದು ಹೋಗೋ ನೆಂಟರು ಅಂತ ತುಂಬಿದ ಮನೇಲಿದ್ದೀನಿ, ಸಂತೋಷವಾಗೇ ಇದ್ದೀನಿ. ಆದರೂ ರಾತ್ರಿ ಊಟ ಆಗಿ ನಾವಿಬ್ಬರೂ ಮಾತಿಗೆ ಕೂತರೆ ಮಾತು ಹೋಗಿ ನಿಲ್ಲೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲೇ.

ನಾವು ಹೋಗಿದ್ದು 2013ರಲ್ಲಿ. ಮನೆಯವರು ನೋಡಿ ಮಾಡಿದ ಮದುವೆ. ಅವರ ಬಗ್ಗೆ ನನಗೆ ಗೊತ್ತಿದ್ದಿದ್ದೆಲ್ಲ ಫೋನಿನಲ್ಲಿ ಮಾತಾಡಿದಷ್ಟೇ. ಅಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ, ನೀರಿನ ಪೈಪು, ಒಲೆಗೊಂದು ಕರೆಂಟಿನ ವೈರು, ಅಷ್ಟೇ. ಕಪಾಟು, ಸಿಂಕು ಎಲ್ಲ ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿರ್ತಾರೆ. ನಮ್ಮದೂ ಹಾಗೇ ಇತ್ತು. ಕಿಟಕಿ ಕಟ್ಟೆ ಮೇಲೆ ಒಂದು ಕರೆಂಟ್ ಒಲೆ ಇಟ್ಟು ಅನ್ನ, ತಿಳಿಸಾರು ಮಾಡಿದೆ. ಪಾತ್ರೆ ತೊಳೆದಿದ್ದು ಬಚ್ಚಲುಮನೆಯಲ್ಲಿ. ಆಮೇಲೆ ಕಪಾಟುಗಳನ್ನ ಬಿಡಿಭಾಗದಲ್ಲಿ ತಂದು, ಚಿತ್ರ ನೋಡ್ಕೊಂಡು ಇವರು ಹಲಗೆ ಹಿಡಿಯೋದು, ನಾನು ಸ್ಕ್ರೂ ತಿರುಗಿಸೋದು. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರ್ತವೆ. ಹಾಗಾಗಿ ಒಂದು ಸ್ಕ್ರೂ ಕಡಿಮೆ ಬಿದ್ದರೂ ಸೋಮವಾರದ ತನಕ ಕೆಲಸ ನಿಂತೋಗೋದು. ಆಗ ಇಬ್ಬರೂ ಕೋಟು ಹಾಕ್ಕೊಂಡು ದ್ರಾಕ್ಷಿ ತೋಟದ ಗುಡ್ಡಗಳ ಕಡೆ ನಡೆದುಕೊಂಡು ಹೋಗ್ತಿದ್ವಿ. ಅವರಿಗೆ ಚಿಕ್ಕಂದಿನಲ್ಲಿ ಈಜು ಕಲಿಸಿದ್ದು ಯಾರು, ನನಗೆ ಯಾವ ಮೇಷ್ಟ್ರು ಕಂಡರೆ ಭಯ ಇತ್ತು, ಎಲ್ಲ ಮಾತಾಡಿದ್ದು ಆ ದಾರಿಯಲ್ಲೇ. ನಾವು ಒಬ್ಬರಿಗೊಬ್ಬರು ಪರಿಚಯ ಆಗಿದ್ದು ಛತ್ರದಲ್ಲಿ ಅಲ್ಲ, ಅಲ್ಲಿ.

ಒಂದು ವಿಷಯ ಹೇಳಲೇಬೇಕು. ಜರ್ಮನಿಯಲ್ಲಿ ಅಪಾರ್ಟ್‌ಮೆಂಟಿನ ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ನಂಬರ್ ಇರಲ್ಲ. ಕೆಳಗೆ ಬಾಗಿಲ ಹತ್ತಿರ ಬೆಲ್‌ಗಳ ಸಾಲು, ಒಂದೊಂದರ ಪಕ್ಕ ಒಂದೊಂದು ಹೆಸರು. ಅಂಚೆಯವರು ಕಾಗದ ಹಾಕೋದೂ ಹೆಸರು ನೋಡಿಯೇ. ನಮ್ಮ ಕಡೆ ಮನೆತನದ ಹೆಸರು ಅಂತ ಇರೋದು ಕಡಿಮೆ ಅಲ್ವಾ? ನನ್ನ ಪಾಸ್‌ಪೋರ್ಟಿನ ಆ ಜಾಗದಲ್ಲಿ ನಮ್ಮಪ್ಪನ ಹೆಸರಿತ್ತು, ಅವರದರಲ್ಲಿ ಅವರಜ್ಜನ ಊರು, ಬನ್ನೂರು. ಕಟ್ಟಡ ನೋಡ್ಕೊಳ್ಳೋರು ಎರಡನ್ನೂ ಒಂದು ಪುಟ್ಟ ಬಿಳಿ ಪಟ್ಟಿ ಮೇಲೆ ಒಂದರ ಕೆಳಗೊಂದು ಅಚ್ಚು ಹಾಕಿ, ಬೆಲ್ ಪಕ್ಕದ ಗಾಜಿನ ಹಿಂದೆ ತೂರಿಸಿದರು. ಇವರು ಫೋಟೋ ತೆಗೆದು ಊರಿಗೆ ಕಳಿಸಿದರು. ನಮ್ಮಪ್ಪ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಬರೋರಿಗೆಲ್ಲ ಅದನ್ನ ತೋರಿಸಿದ್ರಂತೆ. ಮಗಳು ಹೊರಟುಹೋದಳು ಅಂತ ಕೊರಗ್ತಿದ್ದ ಮನುಷ್ಯ.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿ ಇದೆ, ಕೇರ್‌ವೋಖೆ ಅಂತಾರೆ. ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸೋದು ವಾರಕ್ಕೊಂದು ಮನೆಯವರ ಪಾಳಿ. ಪಾಳಿ ಬಂದ ಮನೆ ಬಾಗಿಲಿಗೆ ಒಂದು ಹಲಗೆ ನೇತುಹಾಕ್ತಾರೆ. ನಮ್ಮ ವಾರ ಬಂದಾಗ ಇಬ್ಬರೂ ಸೇರಿ ಮಾಡ್ತಿದ್ವಿ. ಅದನ್ನ ನೋಡಿ ಮೇಲಿನ ಮನೆಯ ಅಜ್ಜಿ ಮಾತಾಡಿಸೋಕೆ ಶುರು ಮಾಡಿದರು. ಕ್ರಿಸ್‌ಮಸ್‌ಗೆ ಮುಂಚೆ ಒಂದು ತಗಡಿನ ಡಬ್ಬಿ ತುಂಬ ಬಿಸ್ಕತ್ತು ಕೊಟ್ಟರು. ಡಬ್ಬಿ ಖಾಲಿ ವಾಪಸ್ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಸಂಕ್ರಾಂತಿಗೆ ವಾರ ಇರುವಾಗಲೇ ಸಂಜೆ ಹೊತ್ತು ಇಬ್ಬರೂ ಕೂತು ಕೊಬ್ಬರಿ ಹೆಚ್ಚಿದ್ವಿ. ಮೇಲಿನ ಕಂದು ಸಿಪ್ಪೆ ಹೆರೆದು, ಸಣ್ಣ ಸಣ್ಣ ಚೂರು ಮಾಡೋದು ಇವರ ಕೆಲಸ, ಬೆಲ್ಲ ಒಡೆಯೋದು ನನ್ನದು. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಅದೇ ಡಬ್ಬಿಗೆ ತುಂಬಿ ಕೊಟ್ವಿ. ಆಮೇಲೆ ನಾವು ಅಲ್ಲಿರೋ ತನಕ ಆ ಡಬ್ಬಿ ಹಬ್ಬಕ್ಕೊಂದು ಸಲ ಮೇಲೆ ಕೆಳಗೆ ಓಡಾಡ್ತಾನೇ ಇತ್ತು.

ನಿಮ್ಮದೂ ಹೇಳಿ.

ಮಂಡ್ಯದ ಹೈದ

ಅಕ್ಕ, ಓದಿ ಮನಸ್ಗೆ ಬಾಳ ಕುಸಿ ಆಯ್ತು. ನಮ್ದೂ ಹೇಳ್ತೀನಿ.

ನಾವು ಅಮೆರಿಕದ ಮಿಶಿಗನ್‌ಗೆ ಹೋದದ್ದು 2009ರ ನವೆಂಬರ್ನಲ್ಲಿ. ನಮ್ಮನೆಯವ್ಳು ಪಾಂಡವಪುರದ ಕಡೆಯವ್ಳು. ಇಬ್ರೂ ನಾಲೆ ನೀರು, ಕಬ್ಬಿನ ಗದ್ದೆ ನೋಡ್ಕಂಡು ಬೆಳ್ದೋರು. ಏರ್‌ಪೋರ್ಟಿಂದ ಮನೆಗೋಗೋ ದಾರೀಲಿ ಒಂದು ಮರದಲ್ಲೂ ಒಂದೆಲೆ ಇಲ್ಲ. 'ಇಲ್ಲಿ ಬರ ಬಂದದ ಏನ್ರೀ, ಮರ ಎಲ್ಲಾ ಒಣಗೋಗವೆ' ಅಂತ ಕೇಳಿದ್ಲು. ಏಪ್ರಿಲ್, ಮೇ ಹೊತ್ಗೆ ಅದೇ ಮರ ಚಿಗುರಿದ್ದು ನೋಡಿ ಕಿಟಕಿ ಬುಟ್ಟು ಏಳ್ನಿಲ್ಲ ಅವ್ಳು.

ನಮ್ಮವ್ವ ಸೂಟ್‌ಕೇಸಲ್ಲಿ ರಾಗಿ ಹಿಟ್ಟು ಜೊತೆಗೆ ಹಿಟ್ಟಿನ ಕೋಲನ್ನೂ ಮಡಗಿದ್ಲು. ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೇಲಿ ಕೋಲಿಗೂ ಜಾಗ ಆಯ್ತು. ಅಲ್ಲೋದ್ರೆ ಒಲೆ ಮೇಲೆ ಪಾತ್ರೆ ನಿಲ್ಲಾಕಿಲ್ಲ, ತೊಳಸೋಕೆ ಹೋದ್ರೆ ಸುತ್ತುತದೆ. ಕವೆಗೋಲು ಎಲ್ಲಿ ತರಾದು? ನಾನು ಎರಡು ಬಟ್ಟೇಲಿ ಪಾತ್ರೆ ಬಿಗಿಯಾಗಿ ಹಿಡ್ಕಳದು, ಅವ್ಳು ಕೋಲಾಕಿ ಗಂಟಿಲ್ದಂಗೆ ತೊಳಸೋದು. ಒಬ್ರೇ ಇದ್ರೆ ಮುದ್ದೆ ಆಗ್ತಿರ್ನಿಲ್ಲ. ಹಂಗಾಗಿ ನಾನು ಆಫೀಸಿಂದ ಬರೋಗಂಟ ಅವ್ಳು ಎಸರು ಇಡ್ತಿರ್ನಿಲ್ಲ. ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಹುರಿದ್ರೆ ಹೊಗೆ ಅಲಾರಂ ಕೂಗಾದು, ನಾನು ಟವಲ್ ಹಿಡ್ದು ಗಾಳಿ ಬೀಸಾದು. ಈಗ ನಮ್ಮ ಮಗಳಿಗೆ ಆ ಡ್ಯೂಟಿ.

ಒಂದು ಮಾತು ಹೊಸಬ್ರಿಗೆ. ಅಮೆರಿಕಕ್ಕೆ ಹೋಗೋರು ಊರಿನ ಮಿಕ್ಸಿ ಹೊತ್ಕಂಡು ಹೋಗಬ್ಯಾಡಿ. ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ಟ್ರಾನ್ಸ್‌ಫಾರ್ಮರ್ ಇಲ್ದೆ ಅದು ಸರ್ಯಾಗಿ ತಿರುಗಾಕಿಲ್ಲ. ಅಲ್ಲಿನ ಕರೆಂಟಿಗೆ ಆಗೋ ಇಂಡಿಯನ್ ಮಿಕ್ಸಿ ಅಲ್ಲೇ ಸಿಗ್ತದೆ. ಹಸಿ ಕರಿಬೇವೂ ತಗಂಡು ಹೋಗಂಗಿಲ್ಲ. ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡೋ ಹುಳ ಅದ್ರಲ್ಲಿ ಬರ್ತದೆ ಅಂತ ತಡೀತಾರೆ.

ಆಗ ಎಚ್-4, ಅಂದ್ರೆ ಗಂಡನ ಕೆಲಸದ ವೀಸಾ ಜೊತೆ ಸಿಗೋ ವೀಸಾದಲ್ಲಿ ಹೋದ ಹೆಂಗಸ್ರು ಕೆಲಸ ಮಾಡಂಗಿರ್ನಿಲ್ಲ. ಬಿ.ಕಾಂ. ಮಾಡಿ ಊರಲ್ಲಿ ಲೆಕ್ಕಪತ್ರ ನೋಡ್ತಿದ್ದೋಳು ಇವ್ಳು. ಸುಮ್ನೆ ಕೂರೋಳಲ್ಲ. ಪಬ್ಲಿಕ್ ಲೈಬ್ರರೀಲಿ ಪುಸ್ತಕ ಜೋಡಿಸೋ ಸೇವೆಗೆ ಸೇರ್ಕಂಡ್ಲು. ಹಿಮ ಕರಗಿದ ಮೇಲೆ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಾರು ಕಲ್ತ್ಲು, ನಾನು ಪಕ್ಕದಲ್ಲಿ ಕೂತ್ಕಂಡು ಹೇಳ್ಕೊಡ್ತಿದ್ದೆ. ಲೈಸೆನ್ಸ್ ಬಂದ ದಿನ ನನ್ನ ಕೂರಿಸ್ಕಂಡು ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಅವ್ಳೇ ಓಡಿಸ್ಕಂಡು ಬಂದ್ಲು. 2015ರ ಮೇ ತಿಂಗಳಲ್ಲಿ ಕಾನೂನು ಬದಲಾಯ್ತು. ಗಂಡ ಇಲ್ವೇ ಹೆಂಡ್ತಿ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ರೆ ಜೊತೆಗಿರೋರೂ ಕೆಲಸ ಮಾಡ್ಬೋದು ಅಂತ. ಆ ಕೆಲಸದ ಪರ್ಮಿಟ್ ಕಾರ್ಡ್ ಅಂಚೇಲಿ ಬಂದಾಗ ಲಕೋಟೆ ಹಿಡ್ಕಂಡು ಅವ್ಳು ಅತ್ತದ್ದು ನಾನು ಮರ್ಯಾಕಿಲ್ಲ.

ಹೊರಟವಳು

ನಮಸ್ಕಾರ. ನಾನು ರಾಮಕೃಷ್ಣನಗರದವಳು. ಮದುವೆಯಾಗಿ ಇನ್ನೂ ಹೊಸದು. ಮುಂದಿನ ತಿಂಗಳು ಇಬ್ಬರೂ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗ್ತಿದ್ದೀವಿ. ಮನೆ ತುಂಬ ಅಮ್ಮ ಕೊಟ್ಟ ಡಬ್ಬಿಗಳು. ನಮ್ಮ ಪಟ್ಟದ ಗೊಂಬೆ ತಗೊಂಡು ಹೋಗ್ಬೇಕು ಅಂತ ನನಗೆ ಬಹಳ ಆಸೆ, ಆದರೆ ಮರದ ಸಾಮಾನು ಅಲ್ಲಿ ಬಿಡಲ್ಲ ಅಂತ ಯಾರೋ ಹೆದರಿಸಿದ್ದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಯಾದವಗಿರಿಯಿಂದ ಮೆಲ್ಬರ್ನ್

ತಂಗಿ, ತಗೊಂಡು ಬಾಮ್ಮ. ನಾನೂ ತಂದೆ.

ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ನಮ್ಮ ಹಳೇ ಮೈಸೂರು ಕಡೆ ಮಗಳ ಮದುವೆಯಲ್ಲಿ ತವರಿನವರು ರಾಜ ರಾಣಿಯ ಮರದ ಜೋಡಿ ಗೊಂಬೆ ಕೊಡ್ತಾರೆ. ನವರಾತ್ರಿಯ ಪಾಡ್ಯದ ದಿನ ಅದನ್ನ ಕೂರಿಸಿದ ಮೇಲೇ ಮಿಕ್ಕ ಗೊಂಬೆಗಳಿಗೆ ಜಾಗ. ನನ್ನ ಜೋಡಿಯನ್ನ ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ವಿಮಾನದಲ್ಲಿ ಕೊಡೋ ಕಾರ್ಡಿನಲ್ಲಿ ಮರದ ವಸ್ತು ಇದೆಯಾ ಅಂತ ಕೇಳ್ತಾರೆ, ಆಹಾರ ಪದಾರ್ಥದ ಬಗ್ಗೆಯೂ ಕೇಳ್ತಾರೆ. ಎರಡಕ್ಕೂ 'ಹೌದು' ಅಂತ ಗುರುತು ಹಾಕಿದ್ವಿ. ಹೇಳಿಕೊಂಡರೆ ಪರೀಕ್ಷೆ ಮಾಡ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತೆ.

ಅಲ್ಲಿನ ಅಧಿಕಾರಿ, ನಡುವಯಸ್ಸಿನ ಹೆಂಗಸು, ಗ್ಲೌಸ್ ಹಾಕ್ಕೊಂಡು ಬಟ್ಟೆ ಬಿಚ್ಚಿದರು. ರಾಣಿಯನ್ನ ತಲೆಕೆಳಗು ಮಾಡಿ ಪಾದದ ಕೆಳಗೆ ಟಾರ್ಚ್ ಬಿಟ್ಟು, ಹುಳ ಕೊರೆದ ತೂತು ಇದೆಯಾ, ಪುಡಿ ಉದುರುತ್ತಾ ಅಂತ ನೋಡಿದರು. ನನ್ನ ಎದೆ ಹೊಡ್ಕೊಳ್ತಿತ್ತು. ಆಮೇಲೆ ರಾಜನನ್ನ. ಇವರು ಮಧ್ಯೆ ಬಾಯಿ ಹಾಕಿ, ಇದು ನಮ್ಮ ಮದುವೆಗೆ ಕೊಟ್ಟಿದ್ದು, ಇವರಿಬ್ಬರನ್ನ ಬೇರೆ ಮಾಡೋ ಹಾಗಿಲ್ಲ ಅಂದರು. ಆ ಹೆಂಗಸು ನಕ್ಕು, ಇಬ್ಬರನ್ನೂ ಒಂದೇ ಬಟ್ಟೇಲಿ ಜೋಪಾನವಾಗಿ ಸುತ್ತಿ ಕೊಟ್ಟರು. ತೊಗಟೆ ಇರೋ ಮರ, ಹುಳ ಹಿಡಿದ ಮರ ಬಿಡಲ್ಲ. ಬರೋ ಮುಂಚೆ ಗೊಂಬೆನ ಚೆನ್ನಾಗಿ ಒರೆಸಿ, ತಳ ನೋಡಿಕೋ.

ಇಲ್ಲಿ ಋತುಗಳು ಊರಿಗೆ ತಿರುಗಾಮುರುಗ. ಯುಗಾದಿ ಹೊತ್ತಿಗೆ ಎಲೆ ಉದುರೋ ಕಾಲ, ದಸರಾಗೆ ವಸಂತ. ಮೊದಲ ವರ್ಷ ಅದಕ್ಕೆ ಮನಸ್ಸು ಒಗ್ಗಲಿಲ್ಲ. ಆದರೆ ಮೊದಲ ದಸರಾಗೆ ಎರಡು ಸೂಟ್‌ಕೇಸನ್ನ ಒಂದರ ಮೇಲೊಂದಿಟ್ಟು, ಬಿಳಿ ಪಂಚೆ ಹಾಸಿ, ಮೇಲೆ ರಾಜ ರಾಣಿನ ಕೂರಿಸಿದ್ವಿ. ಅಷ್ಟೇ ಗೊಂಬೆ. ಪಕ್ಕದ ಮನೆ ಶ್ರೀಲಂಕಾದ ತಮಿಳು ಹುಡುಗಿ ಬಂದು ನೋಡಿ, ಮಾರನೇ ದಿನ ತನ್ನ ಮಗನ ಆಟದ ಆನೆ ತಂದು ಕೆಳಗಿಟ್ಟಳು, ಜಂಬೂಸವಾರಿಗೆ ಅಂತ. ಒಂಬತ್ತು ದಿನವೂ ಆಫೀಸಿಂದ ಬಂದವರೇ ಇವರು ಸ್ನಾನ ಮಾಡಿ ಆರತಿ ತಟ್ಟೆ ಹಿಡಿಯೋರು. ಮೈಸೂರಿನಲ್ಲಿ ಅದು ಹೆಂಗಸರ ಹಬ್ಬ ಅಂತ ಗಂಡಸರು ತಮ್ಮ ಪಾಡಿಗಿರ್ತಾರೆ. ಇಲ್ಲಿ ಇಬ್ಬರದೂ ಆಯ್ತು.

ಒಂಟಿಕೊಪ್ಪಲು ಡಾಕ್ಟರ್

ನಮ್ಮದು ಹಳೇ ಕಾಲದ ಕಥೆ, ಕಿರಿಯರಿಗೆ ಇಷ್ಟವಾಗಬಹುದು.

ನಾನು, ನನ್ನ ಹೆಂಡತಿ ಇಬ್ಬರೂ ಮೈಸೂರು ಮೆಡಿಕಲ್ ಕಾಲೇಜಿನವರು. ಕೆ.ಆರ್. ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಪರಿಚಯ. 1981ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ಗೆ ಹೋದೆವು. ಕಲ್ಲಿದ್ದಲು ಗಣಿಗಳ ಊರು. ಮೊದಲು ಸಿಕ್ಕ ಬಾಡಿಗೆ ಕೋಣೆಯಲ್ಲಿ ಕರೆಂಟಿನ ಮೀಟರಿಗೆ ನಾಣ್ಯ ಹಾಕಬೇಕಿತ್ತು. 50 ಪೆನ್ಸ್ ನಾಣ್ಯ ಸಿಕ್ಕಿದಾಗಲೆಲ್ಲ ಖರ್ಚು ಮಾಡದೆ ಒಂದು ಲೋಟದಲ್ಲಿ ಕೂಡಿಡುತ್ತಿದ್ದೆವು. ಬೆಂಡೆಕಾಯಿ, ಕೊತ್ತಂಬರಿ ಬೇಕಾದರೆ ಬಸ್ಸು ಹತ್ತಿ ಬ್ರಾಡ್‌ಫರ್ಡ್‌ನ ಪಾಕಿಸ್ತಾನಿ ಅಂಗಡಿಗಳಿಗೆ ಹೋಗಬೇಕು. ಆ ಅಂಗಡಿಯವರು ನಮ್ಮನ್ನು ಬಹಳ ಅಕ್ಕರೆಯಿಂದ ಕಾಣುತ್ತಿದ್ದರು.

ಊರಿಗೆ ಬರೆಯುವುದೆಂದರೆ ನೀಲಿ ಏರೋಗ್ರಾಂ, ಅಂದರೆ ಮಡಿಚಿ ಅಂಟಿಸಿ ವಿಮಾನದಂಚೆಗೆ ಹಾಕುವ ಕಾಗದ. ಮಡಿಚುವ ಅಂಚಿನ ತನಕ ನನ್ನಾಕೆ ಬರೆಯುತ್ತಿದ್ದಳು, ಉಳಿದ ಮೂಲೆಯಲ್ಲಿ ನನ್ನ ಸಹಿ. ಉತ್ತರ ಬರುವ ಹೊತ್ತಿಗೆ ನಾವು ಕೇಳಿದ್ದೇನು ಎಂಬುದೇ ಮರೆತಿರುತ್ತಿತ್ತು.

ಇಬ್ಬರಿಗೂ ರಾತ್ರಿ ಡ್ಯೂಟಿ ಇರುತ್ತಿತ್ತು. ನಾನು ಬರುವಾಗ ಅವಳು ಹೊರಡುವುದು, ಅವಳು ಬರುವಾಗ ನಾನು. ಹಾಗಾಗಿ ಊಟದ ಮೇಜಿನ ಮೇಲೆ ಒಂದು ರೂಲ್ಡ್ ನೋಟ್‌ಬುಕ್ ಇಟ್ಟೆವು. 'ಅನ್ನ ಇದೆ, ಹುಳಿ ಬಿಸಿ ಮಾಡ್ಕೊಳ್ಳಿ. ಹೊರಗೆ ಐಸ್ ಕಟ್ಟಿದೆ, ನಿಧಾನ.' 'ಇವತ್ತು ಒಂದು ಮಗು ಉಳೀತು, ಬಂದಮೇಲೆ ಹೇಳ್ತೀನಿ.' ಎಲ್ಲ ಕನ್ನಡದಲ್ಲಿ. ಹಗಲೆಲ್ಲ ಇಂಗ್ಲಿಷಿನಲ್ಲಿ ಮಾತಾಡಿ ದಣಿದು ಬಂದವನಿಗೆ ಆ ಎರಡು ಸಾಲು ಓದಿದರೆ ಮನೆಗೆ ಬಂದೆ ಅನ್ನಿಸುತ್ತಿತ್ತು. ಆ ಪುಸ್ತಕಗಳು ಈಗಲೂ ನಮ್ಮ ಟ್ರಂಕಿನಲ್ಲಿವೆ. ಈಗಿನವರ ಫೋನ್ ಮೆಸೇಜುಗಳನ್ನು ಯಾರು ಎತ್ತಿಡುತ್ತಾರೋ, ಎತ್ತಿಡಿ ಅಂತ ಮಾತ್ರ ನನ್ನ ಕೋರಿಕೆ.

ಆಮೇಲಾಮೇಲೆ ಕನ್ನಡ ಬಳಗ ಸಿಕ್ಕಿತು, ಯುಗಾದಿ ದೀಪಾವಳಿಗೆ ನೂರಾರು ಮೈಲಿ ಕಾರಿನಲ್ಲಿ ಹೋಗಿ ಸೇರುತ್ತಿದ್ದೆವು. 2015ರ ನವೆಂಬರ್‌ನಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾಯಿತಲ್ಲ, ಅದನ್ನು ನೋಡಲು ಇಬ್ಬರೂ ರೈಲಿನಲ್ಲಿ ಹೋಗಿ ಬಂದೆವು. ಏರೋಗ್ರಾಂ ಕಾಲದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಗೋಕುಲಂ 3ನೇ ಹಂತ

ಎಲ್ಲರ ನೆನಪೂ ಓದ್ತಾ ಕಣ್ಣು ತುಂಬಿಬಂತು. ಆದರೆ ಹೊರಟಿರೋ ಹುಡುಗಿ ಓದ್ತಿದ್ದಾಳೆ ಅಂತ ಇನ್ನೊಂದು ಮುಖವನ್ನೂ ಹೇಳ್ತೀನಿ.

ನಾನು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದೆ. ಕೆಲಸ ಬಿಟ್ಟು ಫಿನ್ಲೆಂಡಿನ ಹೆಲ್ಸಿಂಕಿಗೆ ಹೋದೆ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಆರು ಗಂಟೆಗೂ ಕಡಿಮೆ. ಗಂಡ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋರು. ನಾನು ಇಡೀ ದಿನ ಯಾರ ಜೊತೆಗೂ ಒಂದು ಮಾತಾಡದೆ ಕಳೆದಿದ್ದೀನಿ. ಊರಿಗೆ ಫೋನ್ ಮಾಡಿದರೆ 'ನಿನಗೇನಮ್ಮ, ಅರಾಮಾಗಿದ್ದೀಯ' ಅನ್ನೋರು. ಇಬ್ಬರೇ ಇರೋದು ಸುಖ ಅಂತೀವಿ, ನಿಜ, ಆದರೆ ಒಬ್ಬರು ಹೊರಗೆ ಹೋದರೆ ಉಳಿಯೋದು ಒಬ್ಬರೇ. ಅದಕ್ಕೆ ಸಿದ್ಧತೆ ಬೇಕು.

ನನ್ನ ಒಳ್ಳೆಯ ನೆನಪುಗಳು ಶುರುವಾಗಿದ್ದು ಕೆಲಸ ಹುಡುಕೋರಿಗೆ ಅಂತ ನಡೆಸೋ ಫಿನ್ನಿಷ್ ಭಾಷೆ ತರಗತಿಗೆ ಸೇರಿದ ಮೇಲೆ. ಸೊಮಾಲಿಯಾದವರು, ವಿಯೆಟ್ನಾಂನವರು, ರಷ್ಯಾದವರು, ಎಲ್ಲರೂ ನನ್ನ ಹಾಗೇ ತೊದಲೋರು. ಮನೆಗೆ ಬಂದು ಹೇಳೋಕೆ ನನಗೂ ಸುದ್ದಿ ಇರ್ತಿತ್ತು. ಇವರೂ ಬದಲಾದರು. ಅಲ್ಲಿ ನಾಲ್ಕು ಗಂಟೆಗೆ ಎಲ್ಲ ಆಫೀಸ್ ಬಿಡ್ತಾರೆ, ಇವರು ಮಾತ್ರ ಊರಿನ ಅಭ್ಯಾಸದಲ್ಲಿ ಕೂತಿರೋರು. ಆಮೇಲೆ ನಾಲ್ಕಕ್ಕೇ ಎದ್ದು ಬರೋಕೆ ಶುರು ಮಾಡಿದರು. ಜೂನ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ ಹನ್ನೊಂದರ ಹತ್ತಿರ. ಊಟ ಕಟ್ಟಿಕೊಂಡು ಸಮುದ್ರದ ಬಂಡೆಗಳ ಮೇಲೆ ಕೂತು, ಆ ಬೆಳಕಿನಲ್ಲಿ ಮೊಸರನ್ನ ತಿಂದಿದ್ದು ನನ್ನ ಜೀವ ಇರೋ ತನಕ ನೆನಪಿರುತ್ತೆ.

ಹೊರಟವಳೇ, ಹೋದ ತಕ್ಷಣ ನಿನ್ನದು ಅಂತ ಒಂದು ಜಾಗ ಹುಡುಕಿಕೋ. ತರಗತಿ, ಲೈಬ್ರರಿ, ಕೆಲಸ, ಏನಾದರೂ ಸರಿ. ಮಂಡ್ಯದ ಅಣ್ಣನ ಮನೆಯವರು ಮಾಡಿದ್ದು ಅದನ್ನೇ.

ಮಂಡ್ಯದ ಹೈದ

ನಿಜವಾದ ಮಾತು ಅಕ್ಕ. ಇದ್ನ ಗಂಡ್ಮಕ್ಳೂ ಓದ್ಬೇಕು. ನಮ್ಮನೆಯವ್ಳಿಗೆ ಓದಿ ಹೇಳ್ದೆ, 'ಆ ಅಕ್ಕನ ಕೈಲಿ ಮಾತಾಡ್ಬೇಕು' ಅಂತವ್ಳೆ.

ಕುವೆಂಪುನಗರ ಅಮ್ಮ

ಹೋದವರೇ ಬರೀತಿದ್ದೀರಿ, ಕಳಿಸಿದವರದ್ದೂ ಒಂದು ಮಾತಿರಲಿ.

ಮಗಳು ಅಳಿಯ ಕೆನಡಾಕ್ಕೆ ಹೊರಟಾಗ ನನ್ನ ಕೈಲಾಗಿದ್ದು ಪುಡಿ ಮಾಡಿಕೊಡೋದು. ದೇವರಾಜ ಮಾರ್ಕೆಟ್‌ನಿಂದ ಬ್ಯಾಡಗಿ, ಗುಂಟೂರು ಎರಡೂ ಮೆಣಸಿನಕಾಯಿ ತಂದು, ಬಿಸಿಲಿಗೆ ಹಾಕಿ, ಧನಿಯ, ಮೆಂತ್ಯ, ಜೀರಿಗೆ ಬೇರೆ ಬೇರೆ ಹುರಿದು ಮಿಲ್ಲಿಗೆ ತಗೊಂಡು ಹೋಗಿ ಎದುರಿಗೆ ನಿಂತು ಪುಡಿ ಮಾಡಿಸಿದೆ. ಸಾರಿನಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ. ಒಂದೊಂದರ ಮೇಲೂ ಹೆಸರು ಬರೆದು ಅಂಟಿಸಿದೆ, ಅಳಿಯಂದಿರಿಗೂ ಗೊತ್ತಾಗಲಿ ಅಂತ.

ಅವರೇ ಮೊದಲು ಫೋನ್ ಮಾಡಿದ್ದು. 'ಅತ್ತೆ, ಇವಳಿಗೆ ಜ್ವರ, ಸಾರು ಹೇಗೆ ಮಾಡೋದು ಹೇಳಿ' ಅಂತ. ಇಲ್ಲಿ ರಾತ್ರಿ ಮಲಗೋ ಹೊತ್ತು. ನಾನು ವಿಡಿಯೋದಲ್ಲಿ ನೋಡ್ತಾ ಹೇಳ್ತಾ ಹೋದೆ, ಬೇಳೆಕಟ್ಟು ಬಸಿಯೋದರಿಂದ ಹಿಡಿದು ಇಂಗಿನ ಒಗ್ಗರಣೆ ತನಕ. ತಟ್ಟೆಗೆ ಹಾಕಿ ಅವಳ ಹಾಸಿಗೆ ಹತ್ತಿರ ತಗೊಂಡು ಹೋದರು, ಫೋನ್ ಮೇಜಿನ ಮೇಲೇ ಉಳೀತು. ಅವಳು 'ಅಮ್ಮನ ಸಾರಿನ ಹಾಗೇ ಇದೆ' ಅಂದಿದ್ದು ನನಗೆ ಕೇಳಿಸಿತು. ಅವತ್ತಿನಿಂದ ನನ್ನ ಚಿಂತೆ ಅರ್ಧ ಇಳೀತು. ಮನೆಯಲ್ಲಿ ಒಂದು ಲೋಟ ಎತ್ತದಿದ್ದ ಹುಡುಗ ಅಂತ ಬೀಗಿತ್ತಿ ಹೇಳ್ತಿದ್ದರು. ಈಗ ಅವರಿಗೂ ಮಗನ ಕೈ ಸಾರು ಕುಡಿಯೋ ಆಸೆ.

ಸರಸ್ವತಿಪುರಂ ಅಕ್ಕ

ಡಾಕ್ಟರ್ ಸರ್, ನಿಮ್ಮ ನೋಟ್‌ಬುಕ್ ಬಗ್ಗೆ ಇವರಿಗೆ ಓದಿ ಹೇಳಿದೆ. ಗೋಕುಲಂನವರೇ, ನೀವು ಬರೆದಿದ್ದು ಬಹಳ ಬೇಕಾಗಿತ್ತು.

ಹೊರಡೋರಿಗೆ ಒಂದೇ ಸೂಚನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸೋ ಮದುವೆ ನೋಂದಣಿ ಪತ್ರದಲ್ಲಿ ಇಬ್ಬರ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಇರಲಿ. ಇನಿಷಿಯಲ್ ಬಿಡಿಸಿ ಬರೆಸಿ. ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ, 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ದೇಶದಲ್ಲಿ ಮೊದಲು ಶುರುವಾದ ಜಾಗಗಳಲ್ಲಿ ನಮ್ಮ ಮೈಸೂರಿನ ಮೇಟಗಳ್ಳಿಯೂ ಒಂದು.

ಹೊರಟವಳು

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಗೊಂಬೆ ತಳ ನೋಡಿದೆ, ಒಂದು ತೂತೂ ಇಲ್ಲ. ನಮ್ಮವರೂ ಪೂರ್ತಿ ಓದಿದರು, ಸಾರು ಮಾಡೋದು ಇಲ್ಲೇ ಕಲೀತೀನಿ ಅಂತ ಅಮ್ಮನ ಜೊತೆ ಅಡುಗೆಮನೇಲಿದ್ದಾರೆ. ಗೋಕುಲಂ ಅಕ್ಕ, ನೀವು ಹೇಳಿದ ಮೇಲೆ ಅಲ್ಲಿನ ಲೈಬ್ರರಿಗಳ ಬಗ್ಗೆ ಓದ್ತಿದ್ದೀನಿ. ಮೆಲ್ಬರ್ನ್ ಅಕ್ಕ, ನಮ್ಮ ಮನೆ ಪಶ್ಚಿಮದ ಕಡೆ, ಟಾರ್ನೀಟ್ ಹತ್ತಿರ. ನಿಮಗೆ ದೂರ ಆಗುತ್ತಾ?

ಯಾದವಗಿರಿಯಿಂದ ಮೆಲ್ಬರ್ನ್

ದೂರ ಏನಿಲ್ಲ, ನಾವೂ ಅದೇ ಕಡೆ. ಬಂದಿಳಿದ ಮೇಲೆ ಅಡುಗೆ ಸಾಮಾನು ಜೋಡಿಸ್ಕೊಳ್ಳೋ ತನಕ ಒಲೆ ಹಚ್ಚಬೇಡ, ಮೊದಲ ಭಾನುವಾರ ಇಬ್ಬರೂ ಊಟಕ್ಕೆ ನಮ್ಮನೆಗೇ ಬನ್ನಿ. ಬಿಸಿಬೇಳೆಬಾತ್ ಮಾಡಿರ್ತೀನಿ. ನಿಮ್ಮವರಿಗೆ ಖಾರ ಎಷ್ಟಿರಬೇಕು ಅಂತ ಮಾತ್ರ ಮೊದಲೇ ಹೇಳು.